ರೇಟು ಹೇಳೋರು ಯಾರು?

ನಮ್ಮೂರು ನಾಯಕನಹಟ್ಟಿ. ತಾಲ್ಲೂಕು ಚಳ್ಳಕೆರೆ, ಓಟು ಹಾಕೋದು ಮಾತ್ರ ಮೊಳಕಾಲ್ಮೂರು ಕ್ಷೇತ್ರಕ್ಕೆ. ತಿಪ್ಪೇರುದ್ರಸ್ವಾಮಿ ಜಾತ್ರೆ ಅಂದರೆ ಕೆಲವರಿಗೆ ಥಟ್ಟನೆ ಗೊತ್ತಾಗುತ್ತೆ, ಉಳಿದವರಿಗೆ "ಚಿತ್ರದುರ್ಗದ ಹತ್ರ" ಅಂತ ಹೇಳಿ ಮುಗಿಸುತ್ತೇನೆ. ನಮ್ಮ ಕಡೆ ಮಳೆ ಕಮ್ಮಿ, ಶೇಂಗಾ ಜಾಸ್ತಿ. ಈ ಶೇಂಗಾದ ವಿಚಾರದಲ್ಲಿ ಒಂದು ತಮಾಷೆ ಇದೆ. ಬಿತ್ತೋರು ನಾವು, ಕಳೆ ತೆಗೆಯೋರು ನಾವು, ಕಿತ್ತು ಬಿಡಿಸೋರೂ ನಾವೇ. ಕಾಯಿ ಗಟ್ಟಿಯೋ ಜೊಳ್ಳೋ ಅಂತ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಸಾಕು, ನಮ್ಮ ಅಜ್ಜಿಗೂ ಗೊತ್ತಾಗುತ್ತೆ. ಆದರೆ ರೇಟು ಹೇಳೋರು ಮಾತ್ರ ಚಳ್ಳಕೆರೆ ಮಂಡಿಯಲ್ಲಿ ಕೂತಿರುತ್ತಾರೆ.

ಸಾಹಿತ್ಯದಲ್ಲೂ ಹೀಗೇ ಏನೋ ಅಂತ ಇತ್ತೀಚೆಗೆ ಅನ್ನಿಸತೊಡಗಿದೆ. ಅದಕ್ಕೆ ಕಾರಣ ನನ್ನ ಚಿಕ್ಕಮ್ಮನ ಮಗಳು. ಪಿಯುಸಿ ಓದುತ್ತಿದ್ದಾಳೆ, ಪದ್ಯ ಬರೆಯುತ್ತಾಳೆ. ಮನೆಯಲ್ಲಿ, ಬೀದಿಯಲ್ಲಿ, ಫೋನಿನಲ್ಲಿ ಮಾತೆಲ್ಲಾ ಕನ್ನಡ. ಪದ್ಯ ಮಾತ್ರ ಇಂಗ್ಲಿಷಿನಲ್ಲಿ. ಯಾಕೆ ಅಂತ ಕೇಳಿದ್ದಕ್ಕೆ ಅವಳ ಉತ್ತರ ಸರಳ: "ಕನ್ನಡದಲ್ಲಿ ಬರೆದ್ರೆ ಯಾರು ಓದ್ತಾರೆ ಅಣ್ಣಾ?"

ನನ್ನ ಹತ್ತಿರ ತಕ್ಷಣಕ್ಕೆ ಉತ್ತರ ಇರಲಿಲ್ಲ. ನಾನು ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್. ಸಾಹಿತ್ಯ ಏನಿದ್ದರೂ ರಾತ್ರಿ ಊಟ ಆದಮೇಲಿನ ವ್ಯವಹಾರ. ಆದರೂ ಆ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಹುಡುಕುತ್ತಾ ಹೋದಾಗ ಗೊತ್ತಾಗಿದ್ದು ಏನೆಂದರೆ, ಇದು ಅವಳ ಪ್ರಶ್ನೆಯೇ ಅಲ್ಲ, ಇನ್ನೂರು ವರ್ಷದ ಹಳೇ ಪ್ರಶ್ನೆ. ಕೇಳಿಸಿಕೊಂಡವರು ನಮ್ಮಂಥ ಬಡಪಾಯಿಗಳೂ ಅಲ್ಲ, ಅಮೆರಿಕನ್ನರು!

1820ರಲ್ಲಿ 'ಎಡಿನ್‌ಬರೋ ರಿವ್ಯೂ' ಅನ್ನೋ ಪತ್ರಿಕೆಯಲ್ಲಿ ಸಿಡ್ನಿ ಸ್ಮಿತ್ ಎಂಬ ಇಂಗ್ಲಿಷ್ ಪಾದ್ರಿ ಅಮೆರಿಕನ್ನರನ್ನು ಹಂಗಿಸಿ ಬರೆದ. ನಿಮ್ಮ ದೇಶದವರು ಬರೆದ ಪುಸ್ತಕವನ್ನು ಭೂಮಿಯ ಮೇಲೆ ಯಾರಪ್ಪಾ ಓದುತ್ತಾರೆ ಅನ್ನೋದು ಅವನ ಮಾತಿನ ತಾತ್ಪರ್ಯ. ಅಮೆರಿಕ ಸ್ವತಂತ್ರವಾಗಿ ಆಗಲೇ 40 ವರ್ಷ ಕಳೆದಿತ್ತು. ಯುದ್ಧದಲ್ಲಿ ಗೆದ್ದಿದ್ದರು, ಸಂವಿಧಾನ ಬರೆದುಕೊಂಡಿದ್ದರು. ಆದರೆ ಒಂದು ಕತೆ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳೋಕೆ ಮಾತ್ರ ಲಂಡನ್ನಿನ ಮುಖ ನೋಡುತ್ತಿದ್ದರು.

ಇದು ಎಲ್ಲಿಯವರೆಗೆ ಹೋಗಿತ್ತು ಅನ್ನೋದಕ್ಕೆ ಮೆಲ್ವಿಲ್‌ನ ಕತೆ ಕೇಳಿ. 'ಮೊಬಿ ಡಿಕ್' ಕಾದಂಬರಿ 1851ರ ಅಕ್ಟೋಬರಿನಲ್ಲಿ ಮೊದಲು ಬಂದಿದ್ದು ಲಂಡನ್ನಿನಲ್ಲಿ, 'ದಿ ವೇಲ್' ಎಂಬ ಹೆಸರಿನಲ್ಲಿ. ಮುಂದಿನ ತಿಂಗಳು ನ್ಯೂಯಾರ್ಕಿನಲ್ಲಿ ಬಂತು. ಲಂಡನ್ ಆವೃತ್ತಿಯಲ್ಲಿ ಕೊನೆಯ ಪುಟ್ಟ ಅಧ್ಯಾಯವೇ ಬಿಟ್ಟುಹೋಗಿತ್ತು. ಹಡಗು ಮುಳುಗಿದ ಮೇಲೆ ಕತೆ ಹೇಳುವವನು ಹೇಗೆ ಬದುಕಿ ಉಳಿದ ಅಂತ ಇದ್ದದ್ದೇ ಆ ಅಧ್ಯಾಯದಲ್ಲಿ. ಎಲ್ಲರೂ ಸತ್ತ ಮೇಲೆ ಈ ಕತೆಯನ್ನು ಹೇಳುತ್ತಿರೋದು ಯಾರು ಅಂತ ಅಲ್ಲಿನ ವಿಮರ್ಶಕರು ಗೇಲಿ ಮಾಡಿದರು. ಅಮೆರಿಕದ ಕೆಲವು ಪತ್ರಿಕೆಗಳು ಲಂಡನ್ನಿನ ವಿಮರ್ಶೆಯನ್ನೇ ಎತ್ತಿ ಹಾಕಿಕೊಂಡವು. ಪೂರ್ತಿ ಪುಸ್ತಕ ಅವರ ಊರಿನ ಅಂಗಡಿಯಲ್ಲೇ ಇತ್ತು! ತೆರೆದು ಕೊನೆಯ ಪುಟ ನೋಡಿದ್ದರೆ ಸಾಕಿತ್ತು. ಮೆಲ್ವಿಲ್ 1891ರಲ್ಲಿ ಸತ್ತಾಗ ಅವನನ್ನು ಹೆಚ್ಚುಕಮ್ಮಿ ಎಲ್ಲರೂ ಮರೆತಿದ್ದರು. 1920ರ ದಶಕದಲ್ಲಿ ಮತ್ತೆ ಅವನನ್ನು ಎತ್ತಿ ಹಿಡಿದವರಲ್ಲಿ ಇಂಗ್ಲೆಂಡಿನ ಡಿ.ಎಚ್. ಲಾರೆನ್ಸ್ ಕೂಡ ಒಬ್ಬ. ಬೀಳಿಸಿದ ದಡವೇ ಎತ್ತಿದ್ದೂ ಹೌದು.

ಇನ್ನು ರಾಬರ್ಟ್ ಫ್ರಾಸ್ಟ್. ನಮ್ಮ ಇಂಗ್ಲಿಷ್ ಪಠ್ಯಗಳಲ್ಲಿ ಸಿಗುವ ಅಪ್ಪಟ ಅಮೆರಿಕದ ಹಳ್ಳಿಗವಿ. ಅವನ ಮೊದಲ ಪುಸ್ತಕ ಎಲ್ಲಿ ಬಂತು ಅಂದುಕೊಂಡಿರಿ? ಲಂಡನ್ನಿನಲ್ಲಿ! ಅಮೆರಿಕದಲ್ಲಿ ಪ್ರಕಾಶಕರು ಸಿಗದೆ, ಹೊಲ ಮಾರಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು 1912ರಲ್ಲಿ ಇಂಗ್ಲೆಂಡಿಗೆ ಹೋದ. ಆಗ ಅವನಿಗೆ 38 ವರ್ಷ. 1913ರಲ್ಲಿ ಒಂದು, 1914ರಲ್ಲಿ ಇನ್ನೊಂದು ಸಂಕಲನ ಅಲ್ಲೇ ಬಂದವು. 1915ರಲ್ಲಿ ವಾಪಸ್ ಬರುವಷ್ಟರಲ್ಲಿ ಅಮೆರಿಕದಲ್ಲಿ ಅವನು ಹೆಸರಾಗಿದ್ದ. ಪದ್ಯಗಳು ಅವೇ, ಕವಿ ಅವನೇ. ನಡುವೆ ಒಂದು ಸಮುದ್ರ ದಾಟಿ ಬಂದಿದ್ದ ಅಷ್ಟೆ.

ನಮ್ಮ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ ಬಿಡಿ :) ಇಲ್ಲಿ ನಾಲ್ಕು ಜನ ನೋಡಿ ಸರಿ ಅಂದ ಕೋಡ್ ಕೂಡ ಆನ್‌ಸೈಟ್‌ನಿಂದ ಒಂದು "ಓಕೆ" ಬರುವವರೆಗೂ ಕಾಯುತ್ತಾ ಕೂತಿರುತ್ತೆ.

ಇಲ್ಲಿಂದ ಕತೆ ನಮ್ಮ ಕಡೆ ತಿರುಗುತ್ತೆ. ಫ್ರಾಸ್ಟ್ ಇಂಗ್ಲೆಂಡಿಗೆ ಹೋದ ಅದೇ 1912ರಲ್ಲಿ ರವೀಂದ್ರನಾಥ ಟಾಗೋರರೂ ಲಂಡನ್ನಿನಲ್ಲಿದ್ದರು. ಅವರ 'ಗೀತಾಂಜಲಿ'ಯ ಇಂಗ್ಲಿಷ್ ಹಸ್ತಪ್ರತಿ ಓದಿ ಮುನ್ನುಡಿ ಬರೆದವರು ಐರಿಷ್ ಕವಿ ಯೇಟ್ಸ್. ಲಂಡನ್ನಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಎಜ್ರಾ ಪೌಂಡ್ ಅದರ ಕೆಲವು ಪದ್ಯಗಳನ್ನು ಶಿಕಾಗೋದ 'ಪೊಯೆಟ್ರಿ' ಪತ್ರಿಕೆಗೆ ಕಳಿಸಿದ. ಅದು ಆಗಷ್ಟೇ ಹುಟ್ಟಿದ ಪುಟ್ಟ ಪತ್ರಿಕೆ. ಆ ವರ್ಷದ ಡಿಸೆಂಬರ್ ಸಂಚಿಕೆಯಲ್ಲಿ ಅಚ್ಚಾದವು. ಮರುವರ್ಷ ಅದೇ ಪೌಂಡ್ ಅದೇ ಪತ್ರಿಕೆಯಲ್ಲಿ ಫ್ರಾಸ್ಟ್‌ನ ಪುಸ್ತಕದ ಬಗ್ಗೆಯೂ ಬರೆದ. 1913ರಲ್ಲಿ ಟಾಗೋರರಿಗೆ ನೊಬೆಲ್ ಬಂತು. ಮುಂದೆ 1935ರ ಹೊತ್ತಿಗೆ ಅದೇ ಯೇಟ್ಸ್ ಒಂದು ಪತ್ರದಲ್ಲಿ ಟಾಗೋರರ ಇಂಗ್ಲಿಷನ್ನು ಸಿಕ್ಕಾಪಟ್ಟೆ ಬೈದ. ಮೊಹರು ಒತ್ತಿದ ಕೈಯೇ ಅಳಿಸೋಕೂ ಬರುತ್ತೆ. ಅಷ್ಟರಲ್ಲಿ ಬಂಗಾಳಿಗಳು ಟಾಗೋರರನ್ನು ಬಿಟ್ಟರಾ? ಇಲ್ಲ. ಅವರು ಓದುತ್ತಿದ್ದುದು ಯೇಟ್ಸ್‌ನ ಮುನ್ನುಡಿಯನ್ನಲ್ಲ, ಟಾಗೋರರ ಬಂಗಾಳಿಯನ್ನು.

ಯೇಟ್ಸ್‌ನ ಬಳಗದಲ್ಲಿ ಜೇಮ್ಸ್ ಕಸಿನ್ಸ್ ಅಂತ ಒಬ್ಬರಿದ್ದರು. ಹುಟ್ಟಿದ್ದು ಬೆಲ್‌ಫಾಸ್ಟಿನಲ್ಲಿ, 1873ರಲ್ಲಿ. ಕವಿ, ನಾಟಕಕಾರ. ಇವರ ಒಂದು ನಾಟಕ ಯೇಟ್ಸ್‌ಗೆ ಹಿಡಿಸಲಿಲ್ಲ, ರಂಗದ ಮೇಲೆ ಬರದಂತೆ ವಿರೋಧಿಸಿದ. ಅಂದರೆ ಸಾಹಿತ್ಯದ ಯಜಮಾನಿಕೆಯ ಏಟು ತಿಂದ ಮನುಷ್ಯ. 1915ರಲ್ಲಿ ಆನಿ ಬೆಸೆಂಟರ ಕರೆಯ ಮೇಲೆ ಭಾರತಕ್ಕೆ ಬಂದರು. ಆಂಧ್ರದ ಮದನಪಲ್ಲಿಯ ಕಾಲೇಜಿನಲ್ಲಿದ್ದರು. 1919ರಲ್ಲಿ ಟಾಗೋರರು ಅಲ್ಲಿಗೆ ಬಂದು ಉಳಿದುಕೊಂಡಿದ್ದರು, 'ಜನಗಣಮನ'ಕ್ಕೆ ಸ್ವರಲಿಪಿ ಬರೆದುಕೊಂಡಿದ್ದು ಕಸಿನ್ಸರ ಪತ್ನಿ ಮಾರ್ಗರೆಟ್.

ಈ ಕಸಿನ್ಸ್ 1924ರಲ್ಲಿ ಮೈಸೂರಿಗೆ ಬಂದಾಗ ಅವರನ್ನು ನೋಡಲು ಒಬ್ಬ ಹತ್ತೊಂಬತ್ತು ವರ್ಷದ ಮಲೆನಾಡಿನ ಹುಡುಗ ಹೋದ. ಕೈಯಲ್ಲಿ ಇಂಗ್ಲಿಷ್ ಪದ್ಯಗಳು. ಎರಡು ವರ್ಷ ಮುಂಚೆ, 1922ರಲ್ಲಿ, 'ಬಿಗಿನರ್ಸ್ ಮ್ಯೂಸ್' ಅಂತ ಒಂದು ಸಣ್ಣ ಇಂಗ್ಲಿಷ್ ಸಂಕಲನವನ್ನೂ ಅಚ್ಚು ಹಾಕಿಸಿದ್ದ. ಹುಡುಗನ ಹೆಸರು ಕೆ.ವಿ. ಪುಟ್ಟಪ್ಪ. ನಮ್ಮ ಕುವೆಂಪು!

ಕಸಿನ್ಸ್ ಪದ್ಯ ನೋಡಿ, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಅಂತ ಕೇಳಿದರು. ದೊಡ್ಡ ವಿಚಾರ ಹೇಳೋಕೆ ಕನ್ನಡಕ್ಕೆ ಶಕ್ತಿ ಸಾಲದು ಅನ್ನೋದು ಹುಡುಗನ ಅಭಿಪ್ರಾಯ. ಯಾವ ಭಾಷೆಯೂ ಅಶಕ್ತ ಅಲ್ಲ, ಸಮರ್ಥರು ಬಳಸಿದರೆ ಶಕ್ತಿ ಬರುತ್ತೆ ಅನ್ನೋದು ಕಸಿನ್ಸರ ಮಾತು. ಹುಡುಗನಿಗೆ ಬೇಜಾರಾಯಿತು, ಹೊಗಳಿಸಿಕೊಳ್ಳೋಕೆ ಹೋಗಿದ್ದವನಲ್ವಾ? ಆದರೆ ಕನ್ನಡಕ್ಕೆ ತಿರುಗಿದ. ಕುವೆಂಪು ತಮ್ಮ ಆತ್ಮಕತೆ 'ನೆನಪಿನ ದೋಣಿಯಲ್ಲಿ'ಯಲ್ಲಿ ಇದನ್ನೆಲ್ಲ ಬರೆದಿದ್ದಾರೆ. ಕನ್ನಡಿಗರು ಈ ಪ್ರಸಂಗವನ್ನು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಹೈಸ್ಕೂಲಿನಲ್ಲೂ ಮೇಷ್ಟರು ಹೇಳಿದ್ದರು.

ಆದರೆ ಈ ಕತೆಯಲ್ಲಿ ಒಂದು ಮುಳ್ಳಿದೆ ನೋಡಿ. ಕನ್ನಡದಲ್ಲಿ ಬರಿ ಅಂತ ಹೇಳೋಕೂ ನಮಗೆ ಹೊರಗಿನವರೊಬ್ಬರು ಬೇಕಾಯಿತಾ? ಅಲ್ಲೂ ಆನ್‌ಸೈಟ್ ಓಕೆಯೇ ಆಯಿತಲ್ಲಾ?

ಇಲ್ಲಿಗೇ ಕತೆ ನಿಂತಿದ್ದರೆ ಹಾಗೇ ಆಗುತ್ತಿತ್ತು. ನಿಲ್ಲಲಿಲ್ಲ. ಅದಕ್ಕೆ ನಮ್ಮೂರಿನ ಪಕ್ಕದ ಊರಿಗೆ ಬರಬೇಕು.

ನಾಯಕನಹಟ್ಟಿಯಿಂದ ಬೈಕಿನಲ್ಲಿ ಹೊರಟರೆ ಅರ್ಧ ಗಂಟೆಗೆ ತಳುಕು ಸಿಗುತ್ತೆ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗೋ ರಸ್ತೆಯ ಊರು. ಬಸ್ಸಿನ ಕಿಟಕಿಯಿಂದ ನೋಡಿದರೆ ನಮ್ಮ ಸೀಮೆಯ ಉಳಿದ ಊರುಗಳ ಹಾಗೇ ಇದೆ, ಬಿಸಿಲು, ಜಾಲಿ, ಒಂದೆರಡು ಟೀ ಅಂಗಡಿ. ಟಿ.ಎಸ್. ವೆಂಕಣ್ಣಯ್ಯನವರ ಹೆಸರಿನ ಮುಂದಿನ 'ಟಿ' ಅಂದರೆ ಈ ತಳುಕು. 1885ರಲ್ಲಿ ಹುಟ್ಟಿದವರು. ಅವರ ತಮ್ಮ ತ.ಸು. ಶಾಮರಾಯರೂ ದೊಡ್ಡ ವಿದ್ವಾಂಸರು. 'ದುರ್ಗಾಸ್ತಮಾನ' ಬರೆದ ತ.ರಾ.ಸು. ಅದೇ ಮನೆತನದವರು, ಅವರ ಹೆಸರಿನ 'ತ'ಕಾರವೂ ಇದೇ ತಳುಕು. ಒಂದು ಬಯಲುಸೀಮೆಯ ಮನೆಯಿಂದ ಇಷ್ಟೊಂದು ಕನ್ನಡ!

ವೆಂಕಣ್ಣಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಹರಿಹರ, ರಾಘವಾಂಕರಂಥ ಹಳೆಯ ಕವಿಗಳ ಕಾವ್ಯಗಳನ್ನು ಸಂಪಾದಿಸಿದರು. ಸ್ನೇಹಿತ ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆ ಸೇರಿ ರಾಮಕೃಷ್ಣ ಪರಮಹಂಸರ ಚರಿತ್ರೆ ಬರೆದರು. ಸ್ವಂತಕ್ಕೆ ಅಂತ ಬರೆದಿದ್ದು ಕಮ್ಮಿ. ವಿದ್ಯಾರ್ಥಿಗಳಿಗೆ, ಹೊಸದಾಗಿ ಬರೆಯುವವರಿಗೆ ಕೊಟ್ಟಿದ್ದು ಜಾಸ್ತಿ. ಕುವೆಂಪು ಕನ್ನಡ ಎಂ.ಎ. ಮಾಡಿದ್ದು 1929ರಲ್ಲಿ, ಆಗ ಗುರುಗಳಾಗಿದ್ದವರು ಇವರೇ. ಮುಂದೆ ಅದೇ ಕಾಲೇಜಿನಲ್ಲಿ ಸಹೋದ್ಯೋಗಿಗಳೂ ಆದರು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡಾಗ ಕುವೆಂಪು ತಮ್ಮ ಮಹಾಕಾವ್ಯದ ನಡುವೆ ಇದ್ದರು. ಬರೆದು ಮುಗಿದು 'ಶ್ರೀ ರಾಮಾಯಣ ದರ್ಶನಂ' 1949ರಲ್ಲಿ ಹೊರಬಂತು. ಅದಕ್ಕೇ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಮುಂದೆ 1967ನೇ ಸಾಲಿನ ಜ್ಞಾನಪೀಠ, ಅದು ಕನ್ನಡಕ್ಕೆ ಬಂದ ಮೊದಲ ಜ್ಞಾನಪೀಠ.

ಆ ಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಯಾರಿಗೆ? ವೆಂಕಣ್ಣಯ್ಯನವರಿಗೆ. ತೀರಿಹೋದ ಗುರುವಿಗೆ ಶಿಷ್ಯ ಕೆಲಸ ಒಪ್ಪಿಸುವ ಹಾಗೆ ಪುಸ್ತಕದ ಮೊದಲಿಗೇ ಒಂದು ಅರ್ಪಣೆಯ ಪದ್ಯ ಇದೆ.

ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಕಸಿನ್ಸರ ಉಪಕಾರ ಕುವೆಂಪು ಮರೆಯಲಿಲ್ಲ, ಆತ್ಮಕತೆಯಲ್ಲಿ ಧಾರಾಳವಾಗಿ ನೆನೆದರು. ಆದರೆ ಜೀವಮಾನದ ಕೆಲಸವನ್ನು ಒಯ್ದು ಇಟ್ಟಿದ್ದು ತಳುಕಿನ ಮೇಷ್ಟರ ಮುಂದೆ. ಯಾಕೆ ಅಂದರೆ ಕಸಿನ್ಸ್ ಹೇಳಿದ್ದು ಒಂದು ದಿನದ ಮಾತು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಆಮೇಲೆ ಆ ಹುಡುಗ ಕನ್ನಡದಲ್ಲಿ ಬರೆದಿದ್ದು ಗಟ್ಟಿಯೋ ಜೊಳ್ಳೋ ಅಂತ ಅವರು ಹೇಳುವ ಹಾಗಿರಲಿಲ್ಲ. ಅದನ್ನು ಹೇಳೋಕೆ ಪಂಪನನ್ನೂ ಹರಿಹರನನ್ನೂ ಓದಿ ಅರಗಿಸಿಕೊಂಡಿದ್ದ, ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಕೇಳುವ ತಾಳ್ಮೆ ಇದ್ದ ಒಬ್ಬ ಓದುಗ ಬೇಕಿತ್ತು. ದೂರದ ಅಧಿಕಾರ ದಾರಿ ತೋರಿಸಬಹುದು, ಜೊತೆಗೆ ನಡೆಯೋಕಾಗಲ್ಲ.

ಅಮೆರಿಕದವರು ಲಂಡನ್ನಿನ ಕಡೆ ನೋಡೋದು ಕಮ್ಮಿ ಮಾಡಿದ್ದೂ ಹೀಗೇ. ಯಾರೋ ಭಾಷಣ ಮಾಡಿದ್ದರಿಂದ ಅಲ್ಲ. 1837ರಲ್ಲೇ ಎಮರ್ಸನ್ ನಾವು ಯುರೋಪಿನ ಮಾತು ಕೇಳಿದ್ದು ಸಾಕು ಅಂತ ಭಾಷಣ ಮಾಡಿದ್ದ, ಆದರೂ ಮುಕ್ಕಾಲು ಶತಮಾನ ಆದಮೇಲೆ ಫ್ರಾಸ್ಟ್ ಹಡಗು ಹತ್ತಬೇಕಾಯಿತು. ಬದಲಾಗಿದ್ದು 'ಪೊಯೆಟ್ರಿ'ಯಂಥ ಪತ್ರಿಕೆಗಳು, ತಮ್ಮವರನ್ನೇ ಪಾಠ ಮಾಡುವ ವಿಶ್ವವಿದ್ಯಾಲಯಗಳು, ದುಡ್ಡು ಕೊಟ್ಟು ಕೊಳ್ಳುವ ಓದುಗರು ಬಂದಮೇಲೆ. ನಮ್ಮಲ್ಲೂ ಹೆಚ್ಚುಕಮ್ಮಿ ಅದೇ ಕಾಲ. 1915ರಲ್ಲಿ ಸಾಹಿತ್ಯ ಪರಿಷತ್ತು, 1919ರಲ್ಲಿ ಕೃಷ್ಣಶಾಸ್ತ್ರಿಗಳ 'ಪ್ರಬುದ್ಧ ಕರ್ನಾಟಕ'. ಬಿ.ಎಂ.ಶ್ರೀ. ಇಂಗ್ಲಿಷ್ ಮೇಷ್ಟರಾಗಿದ್ದುಕೊಂಡು ಇಂಗ್ಲಿಷ್ ಪದ್ಯಗಳನ್ನೇ ಕನ್ನಡಕ್ಕೆ ಒಗ್ಗಿಸಿ 1926ರಲ್ಲಿ 'ಇಂಗ್ಲಿಷ್ ಗೀತಗಳು' ಪುಸ್ತಕ ತಂದರು. ತರಿಸಿಕೊಂಡಿದ್ದು ಹೊರಗಿನ ಬೀಜ, ಬಿತ್ತಿದ್ದು ನಮ್ಮ ಹೊಲ.

ಆಮೇಲಿನ ಕಾಲಕ್ಕೂ ಇದು ಹೊಂದುತ್ತೆ. ನವ್ಯದವರಿಗೆ ಎಲಿಯಟ್ ದೊಡ್ಡ ಹೆಸರು. ಅವನು ಹುಟ್ಟಿದ್ದು ಅಮೆರಿಕದ ಸೇಂಟ್ ಲೂಯಿಸಿನಲ್ಲಿ, 1927ರಲ್ಲಿ ಬ್ರಿಟಿಷ್ ಪ್ರಜೆಯಾಗಿ ಲಂಡನ್ನಿನಲ್ಲಿ ಕೂತು ಇಡೀ ಇಂಗ್ಲಿಷ್ ಕಾವ್ಯಕ್ಕೆ ರೇಟು ಹೇಳುವ ಮಂಡಿ ಮಾಲೀಕನಾದ. ಅಡಿಗರು ಅವನನ್ನು ಓದಿದ್ದರು ನಿಜ, ಆದರೆ 1959ರ 'ಭೂಮಿಗೀತ' ಗೆದ್ದಿದ್ದೋ ಸೋತಿದ್ದೋ ಅಂತ ಜಗಳ ಆಡಿದವರು ಕನ್ನಡದವರು. ಅನಂತಮೂರ್ತಿಯವರು 'ಸಂಸ್ಕಾರ' ಬರೆದಿದ್ದು 1965ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ. ಇಂಗ್ಲಿಷಿನಲ್ಲಿ ಪ್ರಬಂಧ, ಕನ್ನಡದಲ್ಲಿ ಕಾದಂಬರಿ. ಶಿಕಾಗೋದಲ್ಲಿದ್ದ ಎ.ಕೆ. ರಾಮಾನುಜನ್ ಅದನ್ನು ಇಂಗ್ಲಿಷಿಗೆ ತಂದಿದ್ದು 1976ರಲ್ಲಿ. ನಡುವಿನ ಹತ್ತು ವರ್ಷ ಕನ್ನಡಿಗರು ಸುಮ್ಮನೆ ಕಾಯುತ್ತಿರಲಿಲ್ಲ, ಅದರ ಪರ ವಿರೋಧ ಬಡಿದಾಡಿದರು, 1970ರಲ್ಲಿ ಸಿನಿಮಾನೂ ಮಾಡಿದರು.

ಈಗ ಬಾನು ಮುಷ್ತಾಕ್ ಅವರ ವಿಚಾರ. 2025ರ ಮೇ 20ರಂದು ಲಂಡನ್ನಿನಲ್ಲಿ ಅವರ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ದೀಪಾ ಭಾಸ್ತಿಯವರ ಅನುವಾದ, 12 ಕತೆಗಳು, 50 ಸಾವಿರ ಪೌಂಡ್ ಇಬ್ಬರಿಗೂ ಸಮ ಪಾಲು. ಸಣ್ಣಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ನನ್ನ ಫೋನಿನ ತುಂಬಾ ಅದೇ ಸುದ್ದಿ. ಖುಷಿಯಾಗದೆ ಇರುತ್ತಾ! ಆದರೆ ಆ ಬಹುಮಾನದ ನಿಯಮ ನೋಡಿ: ಪುಸ್ತಕ ಇಂಗ್ಲಿಷಿಗೆ ಅನುವಾದವಾಗಿ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾಗಿರಬೇಕು. ಅಂದರೆ ಆ ಮಂಡಿಗೆ ಬಂದ ಮಾಲಿಗೆ ಮಾತ್ರ ಅಲ್ಲಿ ರೇಟು. ಹಾಸನದ ಈ ಲೇಖಕಿ ಅದಕ್ಕೆ ಮುಂಚೆ ದಶಕಗಳಿಂದ ಬರೆಯುತ್ತಿದ್ದರು, ಬಂಡಾಯದವರ ಜೊತೆಗಿದ್ದರು, ಲಂಕೇಶ್ ಪತ್ರಿಕೆಯಲ್ಲಿ ಕೆಲಸ ಮಾಡಿದ್ದರು. ಅವರ ಕತೆಯಿಂದ ಗಿರೀಶ್ ಕಾಸರವಳ್ಳಿ 2004ರಲ್ಲೇ 'ಹಸೀನಾ' ಸಿನಿಮಾ ಮಾಡಿದ್ದರು. ಆ ಕತೆಗಳನ್ನು ಬಿಡಿಬಿಡಿಯಾಗಿ ಓದಿ, ಇಷ್ಟಪಟ್ಟು, ಬೈದು, ಇನ್ನೊಂದು ಬರೆಯುವ ಹಾಗೆ ಮಾಡಿದ ಕನ್ನಡದ ಓದುಗರು ಇಲ್ಲದಿದ್ದರೆ ಅನುವಾದ ಮಾಡೋಕೆ ಏನಿರುತ್ತಿತ್ತು?

ಲಂಡನ್ನಿನವರ ಕತೆಯೂ ಅಷ್ಟೇನೂ ನೆಮ್ಮದಿಯದ್ದಲ್ಲ. ಇಂಗ್ಲಿಷಿನಲ್ಲೇ ಬರೆದ ಕಾದಂಬರಿಗೆ ಕೊಡುವ ಇನ್ನೊಂದು ಬೂಕರನ್ನು 2014ರಿಂದ ಅಮೆರಿಕನ್ನರಿಗೂ ತೆರೆದರು. 2016ರಲ್ಲಿ ಪಾಲ್ ಬೀಟಿ, 2017ರಲ್ಲಿ ಜಾರ್ಜ್ ಸಾಂಡರ್ಸ್, ಸಾಲಾಗಿ ಇಬ್ಬರು ಅಮೆರಿಕನ್ನರು ಗೆದ್ದರು. 2018ರಲ್ಲಿ ಬ್ರಿಟನ್ನಿನ ಹಲವು ಪ್ರಕಾಶಕರು ದಯವಿಟ್ಟು ಈ ನಿಯಮ ವಾಪಸ್ ತಗೊಳ್ಳಿ ಅಂತ ಕೇಳಿಕೊಂಡರು. ಯಾರ ಪುಸ್ತಕ ಯಾರು ಓದುತ್ತಾರೆ ಅಂತ ಸಿಡ್ನಿ ಸ್ಮಿತ್ ನಕ್ಕಿದ್ದ ದೇಶದಲ್ಲೇ ಈಗ, ಅವರ ಪುಸ್ತಕದ ನಡುವೆ ನಮ್ಮವರದ್ದು ಕಾಣಿಸೋದೇ ಇಲ್ಲವಲ್ಲ ಅನ್ನೋ ಭಯ!

ನಮ್ಮ ಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗಳ ಒಂದು ಮಾತಿದೆ: "ಮಾಡಿದಷ್ಟು ನೀಡು ಭಿಕ್ಷೆ". ಕೆರೆ ಕಟ್ಟಿಸುವಾಗ ಯಾರು ಎಷ್ಟು ಕೆಲಸ ಮಾಡಿದರೋ ಅಷ್ಟಕ್ಕೆ ಸರಿಯಾಗಿ ಕೂಲಿ ಕೊಟ್ಟರಂತೆ. ನನಗೆ ಇದರಲ್ಲಿ ಹಿಡಿಸೋದು ಅಳತೆಯ ವಿಚಾರ. ಹಾಗೆ ಕೂಲಿ ಕೊಡಬೇಕು ಅಂದರೆ ಮಣ್ಣು ಎಷ್ಟು ಬುಟ್ಟಿ ಬಿತ್ತು ಅಂತ ದಂಡೆಯ ಮೇಲೆ ನಿಂತು ನೋಡಿದವರು ಒಬ್ಬರು ಬೇಕಲ್ಲವಾ? ಊರಿನವರೇ ನೋಡದೆ ಹೋದರೆ ಲೆಕ್ಕ ಬರೆಯೋಕೆ ಬೇರೆ ಊರಿನವರನ್ನು ಕರೆಯಬೇಕಾಗುತ್ತೆ. ಆಮೇಲೆ ಅವರು ಬರೆದಿದ್ದೇ ಲೆಕ್ಕ.

ತಂಗಿಗೆ ನಾನು "ಕನ್ನಡದಲ್ಲೇ ಬರಿ" ಅಂತ ಉಪದೇಶ ಮಾಡಲಿಲ್ಲ. ಅದು ಕಸಿನ್ಸ್ ಪಾತ್ರ, ಆ ಯೋಗ್ಯತೆ ನನಗಿಲ್ಲ. ಯಾವ ಭಾಷೆಯಲ್ಲಾದರೂ ಬರೆಯಲಿ, ಅವಳಿಷ್ಟ. ಆದರೆ "ಯಾರು ಓದ್ತಾರೆ" ಅನ್ನೋದಕ್ಕೆ ಉತ್ತರ ಕೊಡಬೇಕಾದವಳು ಅವಳಲ್ಲ, ನಾವು. ಕನ್ನಡ ಓದಬಲ್ಲ, ತಿಂಗಳಿಗೆ ಒಂದು ಪುಸ್ತಕ ಕೊಳ್ಳುವಷ್ಟು ಸಂಬಳ ಬರುವ, ಚೆನ್ನಾಗಿದ್ದರೆ ಚೆನ್ನಾಗಿದೆ, ಇಲ್ಲದಿದ್ದರೆ ಯಾಕಿಲ್ಲ ಅಂತ ಬಾಯಿಬಿಟ್ಟು ಹೇಳಬಲ್ಲ ನಾವು. ಅವಳೊಬ್ಬಳೇ ಅಲ್ಲ, ಈಗ ಎಲ್ಲೋ ಒಂದು ತಾಲ್ಲೂಕಿನಲ್ಲಿ ಕೂತು ಕನ್ನಡದಲ್ಲಿ ಮೊದಲ ಕತೆ ಬರೆಯುತ್ತಿರುವವರೆಲ್ಲ ಹುಡುಕುತ್ತಿರೋದು ಇದನ್ನೇ ಇರಬೇಕು.

ಸರಿ, ನಿಮಗೊಂದು ಕೆಲಸ. ಯಾವ ಪ್ರಶಸ್ತಿಯೂ ಬರದ, ಇಂಗ್ಲಿಷಿಗೆ ಹೋಗದ, ಈ ವರ್ಷ ನೀವು ಓದಿ ಮೆಚ್ಚಿದ ಒಂದು ಕನ್ನಡ ಕತೆಯ ಹೆಸರು ಹೇಳಿ. ಯಾಕೆ ಮೆಚ್ಚಿದಿರಿ ಅಂತ ಎರಡು ಸಾಲು ಬರೀರಿ. ಮೊದಲು ಬರೆದ ಆ ಲೇಖಕರಿಗೆ, ಆಮೇಲೆ ನನಗೆ.